ಬೊಚ್ಚಜ್ಜಿಯ ಹಲ್ಲು

ಮಾರ್ಚ್ 3, ಮಂಗಳವಾರ

ಔಷಧಿ ಕಂಪನಿಯವರು ನಮ್ಮ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರಿಗೆ ಕೊಟ್ಟ ಡೈರಿ ಇದು. ಡಾಕ್ಟರು ನನಗೆ ದಾಟಿಸಿದರು. ಹೆಂಡತಿಯ ಮಾತ್ರೆಯ ಹೊತ್ತು ಬರೆದಿಡೋಣವೆಂದು ಇವತ್ತು ಬಿಚ್ಚಿದೆ. ಬೆಳಗ್ಗೆ ತಿಂಡಿಯ ನಂತರ ನೋವಿನದು, ಮಧ್ಯಾಹ್ನ ಮೂಳೆಗೆ ಶಕ್ತಿ ಬರುವ ದಪ್ಪನೆಯದು, ಸಂಜೆ ಮತ್ತೆ ನೋವಿನದು. ಮೂರು ಸಾಲಿಗೆ ಮುಗಿದುಹೋಯಿತು. ಉಳಿದ ಪುಟವನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

ಇವಳು ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದಳು. ಕಿಟಕಿ ಪರದೆ ತೆಗೆಯಲು ಸ್ಟೂಲ್ ಹತ್ತಿದವಳು ಬಿದ್ದು ತೊಡೆಮೂಳೆ ಮುರಿದುಕೊಂಡು ಹದಿನೈದು ದಿನವಾಯಿತು. ಒಳಗೆ ಕಂಬಿ ಕೂರಿಸಿದ್ದಾರೆ. ಅಂಚೆ ಕಚೇರಿಯ ಕೌಂಟರಿನ ಕೆಲಸಕ್ಕೆ ಇನ್ನೆರಡು ತಿಂಗಳು ರಜೆ. ಮಗಳಿಗೆ ದೂರದ ಊರಿನಲ್ಲಿ ಹೆರಿಗೆಯಾಗಿ ತಿಂಗಳೂ ಆಗಿಲ್ಲ, ಅವಳು ಬರುವಂತಿಲ್ಲ. ಮಂಚವನ್ನು ನಡುಮನೆಯ ಕಿಟಕಿಯ ಪಕ್ಕ ಎಳೆದು ಹಾಕಿದ್ದೇನೆ. ಅಡುಗೆ, ಬಟ್ಟೆ, ಆರೈಕೆ ಎಲ್ಲ ನನ್ನ ತಲೆಗೆ.

ಮಲಗಿದಲ್ಲಿಂದಲೇ ಇವಳ ಆಡಳಿತ ನಡೆದಿದೆ. ಬಾಲ್ಕನಿ ಗಿಡಕ್ಕೆ ನೀರು ಹಾಕಿ, ಕುಕ್ಕರಿನ ರಬ್ಬರು ಬದಲಿಸಿ, ಮಗಳಿಗೆ ಫೋನಿನಲ್ಲಿ ಅಳುಮೋರೆ ತೋರಿಸಬೇಡಿ. ಕೊನೆಯ ಅಪ್ಪಣೆ ಮಾತ್ರ ನನಗೆ ಹಿಡಿಸಲಿಲ್ಲ. ಶನಿವಾರ ಬೇಕರಿ ಮೂಲೆಯಲ್ಲಿ ಬೇಡುವ ಅಜ್ಜಿಗೆ ಇವಳು ವಾರವಾರ ಕೊಡುವ ಕಾಸನ್ನು ನಾನು ಕೊಟ್ಟು ಬರಬೇಕಂತೆ.

ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ನಾನು ಯಾರಿಗೂ ಭಿಕ್ಷೆ ಹಾಕಿದವನಲ್ಲ. ಕೊಟ್ಟರೆ ಅದೇ ಅಭ್ಯಾಸವಾಗುತ್ತದೆ. ಆ ಕಾಸು ಯಾವ ಹೊಟ್ಟೆಗೆ ಹೋಗುತ್ತದೋ ಯಾರು ಬಲ್ಲರು? ಕೆಲಸ ಕೇಳಲಿ, ಕೊಡೋಣ. ಇದನ್ನು ಇವಳಿಗೆ ನೂರು ಸಲ ಹೇಳಿದ್ದೇನೆ. ನೂರು ಸಲವೂ ಇವಳು ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಪರ್ಸ್ ಬಿಚ್ಚಿದ್ದಾಳೆ. ಅಷ್ಟರಲ್ಲಿ ನಾನು ಬೀದಿ ದಾಟಿ ಆಚೆ ಬದಿಗೆ ಹೋಗಿ ನಿಂತಿರುತ್ತೇನೆ.

ಆಗಲ್ಲ ಎಂದೆ. ಇವಳು ಹೂಂ ಎಂದಳು. ಅದು ಎಂಥ ಹೂಂ ಎಂದು ನನಗೆ ಗೊತ್ತು.

ಮಾರ್ಚ್ 5, ಗುರುವಾರ

ಮೇಲಿನ ಮನೆಯ ಟೀಚರಮ್ಮ ಊಟದ ಡಬ್ಬಿ ತಂದುಕೊಟ್ಟರು. ನಿವೃತ್ತಿಯಾಗಿ ಆರು ವರ್ಷವಾದರೂ ಅವರು ಬಾಗಿಲು ಬಡಿದರೆ ನನಗೆ ಹೋಮ್‌ವರ್ಕ್ ಮಾಡಿಲ್ಲವೇನೋ ಎಂದು ಎದೆ ಧಸಕ್ಕೆನ್ನುತ್ತದೆ. ಡಬ್ಬಿ ಬೇಡವೆನ್ನಲು ಆಗಲಿಲ್ಲ. ಸಂಜೆಯೇ ತೊಳೆದು, ಒಳಗೆ ನಾಲ್ಕು ಸೇಬು ಇಟ್ಟು ವಾಪಸ್ ಕೊಟ್ಟು ಬಂದೆ.

ಇವಳು ನಕ್ಕಳು. ಒಂದು ಡಬ್ಬಿ ಊಟ ತೆಗೆದುಕೊಂಡರೆ ನಿಮ್ಮ ಮೈ ಸವೆದುಹೋಗುತ್ತದೆಯೇ ಎಂದು ಕೇಳಿದಳು. ಯಾರ ಹಂಗೂ ಬೇಡ ಎಂದೆ. ಆಮೇಲೆ ನಾನೇ ಮಾಡಿದ ಪಲ್ಯ ಬಡಿಸಿದೆ. ಇವಳು ಹಲ್ಲು ಕಚ್ಚಿಕೊಂಡು ತಿಂದಳು.

ಮಾರ್ಚ್ 7, ಶನಿವಾರ

ಇವತ್ತು ಸುಳ್ಳು ಹೇಳಿದೆ, ಹೇಳಿದ ಕೂಡಲೇ ಸಿಕ್ಕಿಬಿದ್ದೆ.

ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದಾಗ ಇವಳು ಅಜ್ಜಿಗೆ ಕೊಟ್ಟಿರಾ ಎಂದು ಕೇಳಿದಳು. ಕೊಟ್ಟೆ ಎಂದೆ. ಏನಂದಳು ಎಂದು ಕೇಳಿದಳು. ಭಿಕ್ಷುಕರು ಇನ್ನೇನು ಅನ್ನುತ್ತಾರೆ? "ಒಳ್ಳೇದಾಗಲಿ ಅಂದಳು" ಎಂದೆ.

ಇವಳು ಫ್ಯಾನು ನೋಡುತ್ತ ಹೇಳಿದಳು, "ಅವಳು ಯಾರಿಗೂ ಹಾಗನ್ನಲ್ಲ ರೀ. ಕಾಸು ತಗೊಂಡು, ನಿಂದು ಊಟ ಆಯ್ತಾ ಅಂತ ಕೇಳ್ತಾಳೆ. ಹತ್ತು ವರ್ಷದಿಂದ ಅಷ್ಟೇ ಕೇಳೋದು."

ನಾನು ಕುಕ್ಕರು ನೋಡುವ ನೆಪದಲ್ಲಿ ಒಳಗೆ ಹೋದೆ. ಒಲೆಯ ಮೇಲೆ ಕುಕ್ಕರು ಇರಲಿಲ್ಲ.

ಮಾರ್ಚ್ 8, ಭಾನುವಾರ

ಹೋದೆ. ಕಾಸು ಕೊಡಲಿಲ್ಲ, ಅಷ್ಟು ಸುಲಭಕ್ಕೆ ಸೋಲುವವನಲ್ಲ ನಾನು. ಬೇಕರಿಯಲ್ಲಿ ಒಂದು ಬನ್ನು ಕೊಂಡು ಕೊಟ್ಟೆ. ಬನ್ನಾದರೆ ಎಲ್ಲಿಗೆ ಹೋಯಿತೆಂದು ಕಣ್ಣಾರೆ ನೋಡಬಹುದು.

ಬೇಕರಿ ಪಕ್ಕದಲ್ಲಿ ಒಂದು ಚಪ್ಪಲಿ ಅಂಗಡಿ ಇತ್ತು, ಈಗ ಮುಚ್ಚಿದೆ. ಅದರ ಮೆಟ್ಟಿಲೇ ಅವಳ ಜಾಗ. ಕಡ್ಡಿಯಂಥ ಮುದುಕಿ. ಕಂದು ಬಣ್ಣದ ಗಂಡಸರ ಸ್ವೆಟರು, ಮಡಿಸಿ ಹಾಸಿದ ರಟ್ಟು. ನನ್ನನ್ನು ನೋಡಿದ್ದೇ, ಅಂಚೆಯಮ್ಮ ಯಾಕೆ ಮೂರು ಶನಿವಾರದಿಂದ ಬರಲಿಲ್ಲ ಎಂದು ಕೇಳಿದಳು. ನಾನು ಅವಳ ಗಂಡನೆಂದು ಹೇಗೆ ಗೊತ್ತು ಎಂದರೆ, "ಗೊತ್ತಿಲ್ಲದೆ ಏನು ಯಜಮಾನ್ರೇ? ಅವರು ಇಲ್ಲಿ ನಿಂತ ತಕ್ಷಣ ನೀವು ಆಚೆ ದಾಟ್ತೀರಲ್ಲ" ಎಂದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಹವೆಯ ವಿಷಯ ಹೇಳಿದಂತೆ ಹೇಳಿದಳು.

ಕಾಲು ಮುರಿದ ಸಂಗತಿ ಹೇಳಿದೆ. ಕೈಯಲ್ಲಿದ್ದ ಬನ್ನು ಮಡಿಲಿಗೆ ಜಾರಿತು. ಯಾವ ಕಾಲು, ಎಷ್ಟು ಮೇಲೆ, ನಿದ್ದೆ ಬರುತ್ತದೆಯೇ ಎಂದೆಲ್ಲ ವಿಚಾರಿಸಿದಳು. ಅಂಚೆ ಕಚೇರಿಯ ಮೇಲಧಿಕಾರಿ ಕೂಡ ಇಷ್ಟು ಕೇಳಿರಲಿಲ್ಲ.

ಆಮೇಲೆ ಬನ್ನನ್ನು ಚೂರು ಮಾಡಿ ಲೋಟದ ನೀರಿನಲ್ಲಿ ಅದ್ದಿ ಅದ್ದಿ ನುಂಗಿದಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ಬೀದಿಯವರು ಅವಳನ್ನು ಬೊಚ್ಚಜ್ಜಿ ಎನ್ನುತ್ತಾರಂತೆ. ಆಕಳಿಸಿದಾಗ ನೋಡಿದೆ. ಕೆಳಗಿನ ಒಸಡು ಇನ್ನೂ ಎತ್ತರಕ್ಕೆ, ದುಂಡಗೆ, ದೋಣಿಯ ಅಂಚಿನ ಹಾಗೆ ನಿಂತಿದೆ. ಈ ವಯಸ್ಸಿಗೆ ಎಲ್ಲರದೂ ಸವೆದು ಚಪ್ಪಟೆಯಾಗಿರುತ್ತದೆ. ಮೂವತ್ತು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದೇನೆ. ಬಾಯಿಗಳು ನನ್ನ ಮೇಜಿಗೆ ಪ್ಲಾಸ್ಟರ್ ಅಚ್ಚಾಗಿ ಬರುತ್ತವೆ, ಮನುಷ್ಯರು ಬರುವುದಿಲ್ಲ. ಇಷ್ಟು ಒಳ್ಳೆಯ ಕೆಳದವಡೆಯನ್ನು ಹೀಗೆ ಬೀದಿಯಲ್ಲಿ, ಅದೂ ಮಾತಾಡುತ್ತಿರುವುದನ್ನು, ನಾನು ನೋಡಿಯೇ ಇರಲಿಲ್ಲ.

ಮಾರ್ಚ್ 12, ಗುರುವಾರ

ಆ ದವಡೆ ತಲೆಯಿಂದ ಹೋಗುತ್ತಿಲ್ಲ. ಅವಳಿಗೊಂದು ಸೆಟ್ಟು ಮಾಡಿಕೊಡುತ್ತೇನೆ. ಕಾಸು ಕೊಟ್ಟರೆ ಇವತ್ತಿಗೆ ಮುಗಿಯಿತು, ಹಲ್ಲು ಕೊಟ್ಟರೆ ಸಾಯುವವರೆಗೂ ಇರುತ್ತದೆ. ಕೊಡುವುದೆಂದರೆ ಹೀಗೆ ಕೊಡಬೇಕು.

ಡಾಕ್ಟರನ್ನು ಕೇಳಿದೆ. ನಾನು ಕೆಲಸ ಮಾಡುವ ಕೋಣೆ ಇರುವುದು ಅವರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಬೇಕರಿಯಿಂದ ನಾಲ್ಕೇ ಅಂಗಡಿ ಆಚೆ. ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯನಿಗೆ ಏನಾಯಿತು ಎಂದರು. ಆದರೂ ಬರುವ ಭಾನುವಾರ ಅಳತೆ ತೆಗೆದುಕೊಡಲು ಒಪ್ಪಿದರು.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಇವಳು ಕೇಳಿದ್ದು ಒಂದೇ ಪ್ರಶ್ನೆ: "ಅವಳು ಹಲ್ಲು ಬೇಕು ಅಂದ್ಲಾ?"

ಹಲ್ಲು ಯಾರಿಗೆ ಬೇಡ?

ಮಾರ್ಚ್ 15, ಭಾನುವಾರ

ಬೊಚ್ಚಜ್ಜಿ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಬಂದಿದ್ದಳು. ಕುರ್ಚಿ ಮೇಲಕ್ಕೆ ಏರಿದಾಗ ಒಂದಿಷ್ಟೂ ಹೆದರಲಿಲ್ಲ, ಇನ್ನೂ ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳಿದಳು. ಬಾಯಿ ತುಂಬ ಅಳತೆಯ ಮುದ್ದೆ ಇಟ್ಟು ಡಾಕ್ಟರು ಮಾತಾಡಿಸಿದರೆ, ಅದನ್ನು ತೆಗೆಯುವ ತನಕ ಕಾದು, "ಬಾಯಿ ಕಟ್ಟಿ ಪ್ರಶ್ನೆ ಕೇಳೋದು ಯಾವ ನ್ಯಾಯ?" ಎಂದಳು. ಡಾಕ್ಟರು ಇಷ್ಟು ನಕ್ಕಿದ್ದನ್ನು ನಾನು ನೋಡಿಲ್ಲ.

ಬಣ್ಣ ಆರಿಸುವಾಗ ಮಾತ್ರ ನಮಗಿಬ್ಬರಿಗೆ ಜಟಾಪಟಿಯಾಯಿತು. ಅವಳ ವಯಸ್ಸಿಗೆ ಹೊಂದುವಂತೆ ಕೊಂಚ ಹಳದಿಯ ಮಾದರಿ ತೋರಿಸಿದೆ. ಮೂಸಿ ನೋಡುವವಳಂತೆ ನೋಡಿದಳು. "ಇದು ಯಾರೋ ಹಾಕ್ಕೊಂಡು ಬಿಟ್ಟಿದ್ದ ಹಾಗಿದೆ. ಹೊಸದು ಕೊಡಿ." ಹಾಲಿನಂಥ ಬಿಳಿ ಹಾಕಿದರೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ ಎಂದು ವಿವರಿಸಿದೆ. ಕೊನೆಗೆ ಎರಡರ ನಡುವಿನದಕ್ಕೆ ರಾಜಿಯಾದೆವು.

ಮೊದಲು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳಂತೆ, ಮೂವತ್ತೆಂಟು ವರ್ಷ. ಮಣಿಕಟ್ಟು ಊದಿ ಪೆಟ್ಟಿಗೆ ಎತ್ತಲಾಗದೆ ಬಿಟ್ಟಳು. ಹಿಂದುಮುಂದು ಯಾರೂ ಇಲ್ಲ. ನನ್ನ ಅಂಗಿಯ ಕಾಲರು ನೋಡಿ, ಒಳಗಿನಿಂದ ತಿಕ್ಕಿ ಆಮೇಲೆ ಹೊರಗಿನಿಂದ ತಿಕ್ಕಬೇಕು ಎಂದು ಹೇಳಿಕೊಟ್ಟಳು. ಇಷ್ಟು ದಿನ ನಾನು ಉಲ್ಟಾ ಮಾಡುತ್ತಿದ್ದೆ.

ಮಾರ್ಚ್ 19, ಗುರುವಾರ

ಮೇಣದ ಮೇಲೆ ಹಲ್ಲು ಜೋಡಿಸುತ್ತಿದ್ದೇನೆ. ಮುಂದಿನ ಎರಡನ್ನು ತುಸು ಓರೆ ಮಾಡಿದೆ. ತೀರಾ ಸಾಲಾಗಿ ನಿಂತರೆ ಸುಳ್ಳೆಂದು ಗೊತ್ತಾಗುತ್ತದೆ. ಇವಳು ಇವತ್ತು ವಾಕರ್ ಹಿಡಿದು ಒಂಬತ್ತು ಹೆಜ್ಜೆ ಹಾಕಿದಳು. ನಾಳೆ ಹನ್ನೆರಡು ಹಾಕಬೇಕೆಂದು ಹೇಳಿದ್ದೇನೆ.

ಮಾರ್ಚ್ 27, ಶುಕ್ರವಾರ

ಎಕ್ಸ್‌ರೇ ಆಯಿತು. ಮೂಳೆ ಕೂಡಿಕೊಳ್ಳುತ್ತಿಲ್ಲ. ಇನ್ನೊಂದು ತಿಂಗಳು ನೋಡೋಣ, ಆಗಲೂ ಇಲ್ಲದಿದ್ದರೆ ಮತ್ತೆ ಆಪರೇಷನ್ ಮಾಡಿ ಬಿಚ್ಚಬೇಕು ಎಂದರು ಮೂಳೆ ಡಾಕ್ಟರು. ನಡೆದಷ್ಟೂ ಒಳ್ಳೆಯದಂತೆ.

ಇವಳು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ.

ಮಾರ್ಚ್ 30, ಸೋಮವಾರ

ನಾಲ್ಕು ಹೆಜ್ಜೆ.

ಏಪ್ರಿಲ್ 1, ಬುಧವಾರ

ಇವತ್ತು ಎದ್ದೇಳಲೇ ಇಲ್ಲ. ವಾಕರನ್ನು ಮಂಚಕ್ಕೆ ಹತ್ತಿರ ತಂದಿಟ್ಟೆ. ಮೂಳೆ ಡಾಕ್ಟರು ಹೇಳಿದ್ದನ್ನು ಮತ್ತೆ ಹೇಳಿದೆ. ಸಮಾಧಾನವಾಗಿಯೇ ಹೇಳಿದೆ, ಜೋರು ಮಾಡಲಿಲ್ಲ. ಇವಳು ಕಣ್ಣು ಮುಚ್ಚಿಕೊಂಡಳು. ಮಧ್ಯಾಹ್ನ ಟೀಚರಮ್ಮ ಬಂದು ಸಂಜೆಯವರೆಗೆ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದರಂತೆ. ಏನು ಮಾತಾಡಿದಿರಿ ಎಂದು ಕೇಳಿದೆ. ಏನೂ ಇಲ್ಲ, ಅವರು ನಿದ್ದೆ ಮಾಡಿದರು, ನಾನು ಕಿಟಕಿ ನೋಡಿದೆ ಎಂದಳು.

ಏಪ್ರಿಲ್ 4, ಶನಿವಾರ

ಇವತ್ತು ದೊಡ್ಡದಾಗಿ ಬರೆಯಬೇಕು.

ಹಲ್ಲು ಕೊಟ್ಟೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ಮೇಲಿನದು, ಕೆಳಗಿನದು ಕೂರಿಸಿ ಕಚ್ಚಿ ನೋಡಿ ಎಂದರು. ಬೊಚ್ಚಜ್ಜಿ ಕಚ್ಚಿದಳು. ಒಳಕ್ಕೆ ಹೋಗಿದ್ದ ಕೆನ್ನೆಗಳು ಹೊರಗೆ ಬಂದವು, ಗದ್ದ ತನ್ನ ಜಾಗಕ್ಕೆ ಇಳಿಯಿತು, ಹತ್ತು ವರ್ಷ ಕಳಚಿಬಿತ್ತು. ಕೈಗನ್ನಡಿ ಕೊಟ್ಟರೆ ಸಾಲಲಿಲ್ಲ. ಔಷಧಿ ಅಂಗಡಿಯ ಗಾಜಿನ ಬಾಗಿಲಿನ ಮುಂದೆ ಹೋಗಿ ನಿಂತು ಎಡಕ್ಕೆ, ಬಲಕ್ಕೆ, ಸೊಂಟದ ಮೇಲೆ ಕೈಯಿಟ್ಟು ನೋಡಿಕೊಂಡಳು. ಒಳಗಿದ್ದ ಅಂಗಡಿಯವನು ತನ್ನನ್ನು ನೋಡಿ ನಗುತ್ತಿದ್ದಾಳೆಂದು ತಿಳಿದು ಅವನೂ ನಕ್ಕ.

ಮಾತಿನಲ್ಲಿ ಸ ಬಂದಾಗಲೆಲ್ಲ ಸಿಳ್ಳೆ ಬರುತ್ತಿತ್ತು. ಎಂಟು ದಿನದಲ್ಲಿ ಹೋಗುತ್ತದೆ ಎಂದೆ. "ಇರಲಿ ಬಿಡಿ, ಚಿಕ್ಕೋಳಿದ್ದಾಗ ಸಿಳ್ಳೆ ಹಾಕೋಕೆ ಬಿಡ್ತಿರಲಿಲ್ಲ" ಎಂದಳು. ಒಂದು ಸೇಬು ಕೊಟ್ಟೆ. ಹೋಳು ಮಾಡಿ ತಿನ್ನಬೇಕೆಂದು ಹೇಳುವಷ್ಟರಲ್ಲಿ ಕರಂ ಎಂದು ಕಚ್ಚಿಯೇಬಿಟ್ಟಳು. ರಸ ಗದ್ದದ ಮೇಲೆ ಇಳಿಯಿತು. ಅವಳಿಗೆ ಕಣ್ಣಲ್ಲಿ ನೀರು. ನನಗೆ ಏನೂ ಇಲ್ಲ, ಪಾಲಿಷ್ ಪುಡಿ ಬಿದ್ದಿತ್ತು.

ಮನೆಗೆ ಓಡೋಡಿ ಬಂದು ಇವಳಿಗೆ ಎಲ್ಲವನ್ನೂ ನಟಿಸಿ ತೋರಿಸಿದೆ. ಗಾಜಿನ ಬಾಗಿಲಿನ ದೃಶ್ಯವನ್ನು ಎರಡು ಸಲ ಮಾಡಿದೆ. ಎಂಟು ದಿನದ ಮೇಲೆ ಇವಳು ನಕ್ಕಳು. ನಕ್ಕಾಗ ಕಾಲು ನೋಯುತ್ತದೆಂದು ತೊಡೆ ಹಿಡಿದುಕೊಂಡು ನಕ್ಕಳು.

ಏಪ್ರಿಲ್ 8, ಬುಧವಾರ

ನಾನು ಮಾಡಿದ್ದರಲ್ಲಿ ತಪ್ಪೇನಿದೆ?

ಬೆಳಗ್ಗೆ ಮೂಲೆಯಲ್ಲಿ ಬೊಚ್ಚಜ್ಜಿ ಕುಳಿತಿದ್ದಳು. ಕೆನ್ನೆ ಮತ್ತೆ ಒಳಗೆ, ಬಾಯಿ ಮತ್ತೆ ಹಳೆಯ ಚೀಲದ ಹಾಗೆ. ಹಲ್ಲು ಕಳೆದುಹೋಯಿತೇ, ಯಾರಾದರೂ ಕಿತ್ತುಕೊಂಡರೇ ಎಂದು ಕೇಳಿದೆ. ಇಲ್ಲ, ಇದೆ ಎಂದು ಸೊಂಟದ ಬಟ್ಟೆಚೀಲ ಬಿಚ್ಚಿ ತೋರಿಸಿದಳು. ಕರವಸ್ತ್ರದಲ್ಲಿ ಸುತ್ತಿಟ್ಟಿದ್ದಳು.

ಯಾಕೆ ಹಾಕಿಕೊಂಡಿಲ್ಲ ಎಂದೆ.

"ಮೂರು ದಿನ ಹಾಕ್ಕೊಂಡೇ ಕೂತೆ ಯಜಮಾನ್ರೇ. ಯಾರೂ ನಿಲ್ಲಲಿಲ್ಲ. ಒಬ್ಬರು, ಇಷ್ಟು ಒಳ್ಳೆ ಹಲ್ಲು ಮಾಡಿಸ್ಕೊಳ್ಳೋಕೆ ದುಡ್ಡಿದೆ, ಕೈ ಚಾಚೋಕೆ ನಾಚಿಕೆ ಇಲ್ವಾ ಅಂದ್ರು. ಕಡಲೆ ಇದ್ರೆ ಹಲ್ಲಿಲ್ಲ, ಹಲ್ಲಿದ್ರೆ ಕಡಲೆ ಇಲ್ಲ ಅಂತಾರಲ್ಲ. ನನಗೆ ಕಡಲೆ ಬೇಕು ಅಂದ್ರೆ ಹಲ್ಲು ತೆಗೆದಿಡಬೇಕು. ತಿನ್ನೋವಾಗ ಹಾಕ್ಕೋತೀನಿ."

ಅಂದರೆ ಜನರಿಗೆ ಮೋಸ ಮಾಡುವುದು ಎಂದೆ. ಬಾಯಿ ತೋರಿಸಿ ಕಾಸು ಕೀಳುವುದು, ಅದಕ್ಕೆ ನನ್ನ ಹಲ್ಲು ಬಚ್ಚಿಡುವುದು ಎಂದೆ. ಇನ್ನೂ ಏನೇನೋ ಎಂದೆ. ಬೇಕರಿಯವನು ಹೊರಗೆ ಬಂದು ನೋಡಿದ. ಹಾಗಾದರೆ ನಿನಗೆ ಅದು ಬೇಡ, ವಾಪಸ್ ಕೊಡು ಎಂದೆ.

ಅವಳು ಕರವಸ್ತ್ರ ಬಿಚ್ಚಿ, ಹಲ್ಲನ್ನು ಅಂಗೈ ಮೇಲಿಟ್ಟು ಚಾಚಿದಳು.

ತೆಗೆದುಕೊಂಡೆ.

ಈಗ ಅದು ನನ್ನ ಅಂಗಿಯ ಜೇಬಿನಲ್ಲಿದೆ. ಇವಳಿಗೆ ಹೇಳಿದೆ, ನನ್ನ ಪರ ಮಾತಾಡುತ್ತಾಳೆಂದುಕೊಂಡಿದ್ದೆ.

ಏಪ್ರಿಲ್ 9, ಗುರುವಾರ

ಇವಳು ಮಾತಾಡಲಿಲ್ಲ.

ಏಪ್ರಿಲ್ 10, ಶುಕ್ರವಾರ

ಇವತ್ತು ಮಾತಾಡಿದಳು. ಸಾಯಂಕಾಲ ನಾನು ವಾಕರ್ ತಂದು ಮುಂದೆ ನಿಲ್ಲಿಸಿ, ಬಾ, ಹತ್ತೇ ಹೆಜ್ಜೆ ಎಂದಾಗ ಶುರುವಾಯಿತು. ಕೂಗಲಿಲ್ಲ. ಕೌಂಟರಿನಲ್ಲಿ ಗಿರಾಕಿಗೆ ಫಾರಂ ತುಂಬುವುದನ್ನು ವಿವರಿಸುವ ದನಿಯಲ್ಲೇ ಹೇಳಿದಳು.

"ದಾನ ತಗೊಂಡೋರು ಹಸುವಿನ ಹಲ್ಲು ಎಣಿಸಬಾರದು ಅಂತ ಗಾದೆ ಇದೆ. ದಾನ ಕೊಟ್ಟೋರೇ ಎಣಿಸ್ತಾ ಕೂರೋದನ್ನ ನಿಮ್ಮಲ್ಲೇ ನೋಡಿದ್ದು. ನೀವು ಕೊಡ್ತೀರ ರೀ, ಜಿಪುಣರು ಅಂತ ನಾನು ಯಾವತ್ತೂ ಅಂದಿಲ್ಲ. ಆದರೆ ಕೊಟ್ಟ ಮೇಲೂ ಕೈ ಬಿಡಲ್ಲ. ಒಂದು ತುದಿ ನಿಮ್ಮ ಕೈಯಲ್ಲೇ ಇರುತ್ತೆ."

ಅಜ್ಜಿಯ ವಿಷಯವೇ ಬೇರೆ ಎಂದೆ.

"ನನ್ನ ವಿಷಯನೂ ಅದೇ. ಎರಡು ತಿಂಗಳಿಂದ ನನ್ನನ್ನ ನೋಡ್ಕೊಂಡಿದ್ದೀರ, ತೊಳೆದಿದ್ದೀರ, ಬಳಿದಿದ್ದೀರ. ಆದರೆ ದಿನಾ ಬೆಳಗಾದ್ರೆ ಎಷ್ಟು ಹೆಜ್ಜೆ, ಎಷ್ಟು ಹೆಜ್ಜೆ. ನಾನು ನಡೀದಿದ್ರೆ ನಿಮ್ಮ ಶ್ರಮ ದಂಡ ಆಯ್ತು ಅನ್ನೋ ಮುಖ. ಅದಕ್ಕೇ ನನಗೆ ಏಳೋಕೇ ಭಯ. ಮೂಳೆ ಕೂಡದಿದ್ರೆ ನಿಮಗೆ ಏನು ಉತ್ತರ ಕೊಡಲಿ ಅಂತ."

ಇವಳಿಗೆ ಅಳು ಬಂತು. ಇಪ್ಪತ್ತೇಳು ವರ್ಷದಲ್ಲಿ ನನ್ನ ಮುಂದೆ ಇವಳು ಅತ್ತದ್ದು ಬೆರಳೆಣಿಕೆಯಷ್ಟು. ವಾಕರನ್ನು ಅಡುಗೆಮನೆಗೆ ಒಯ್ದು ಇಟ್ಟೆ. ಅಲ್ಲಿಟ್ಟರೆ ಇವಳಿಗೆ ಸಿಗುವುದಿಲ್ಲವೆಂದು ಹೊಳೆದು ವಾಪಸ್ ತಂದೆ. ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಇವಳೇ ಕೊನೆಗೆ ಮೂಗೊರೆಸಿಕೊಂಡು, ಬಾಗಿಲ ಪಕ್ಕ ಇಡಿ, ಕಾಫಿ ಮಾಡಿ ಎಂದಳು.

ಏಪ್ರಿಲ್ 11, ಶನಿವಾರ

ಮೂಲೆಯಲ್ಲಿ ಬೊಚ್ಚಜ್ಜಿ ಇಲ್ಲ. ರಟ್ಟೂ ಇಲ್ಲ. ಗುರುವಾರದಿಂದಲೇ ಕಂಡಿಲ್ಲ ಎಂದು ಬೇಕರಿಯವನು ನನ್ನ ಮುಖ ನೋಡದೆ ಹೇಳಿದ.

ಏಪ್ರಿಲ್ 13, ಸೋಮವಾರ

ಇವತ್ತೂ ಇಲ್ಲ. ಮಧ್ಯಾಹ್ನ ಬಿಡುವು ಮಾಡಿಕೊಂಡು, ಬೇಕರಿಯವನನ್ನು ವಿಚಾರಿಸಿ, ಮಾರುಕಟ್ಟೆಯ ಹಿಂದೆ ಅವಳು ಮಲಗುವ ಶೆಡ್ಡಿಗೆ ಹೋದೆ. ರಾತ್ರಿ ಬರುತ್ತಾಳೆ, ಬೆಳಗಾಗುವ ಮುಂಚೆ ಹೋಗುತ್ತಾಳೆ ಎಂದು ಕಾವಲುಗಾರ ಹೇಳಿದ. ಬದುಕಿದ್ದಾಳೆ. ಶೆಡ್ಡಿನ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತುಕೊಂಡೆ.

ಜೇಬಿನಲ್ಲಿ ಹಲ್ಲು ಇದ್ದೇ ಇದೆ. ಬಗ್ಗಿದಾಗಲೆಲ್ಲ ಎದೆಗೆ ಒತ್ತುತ್ತದೆ.

ಏಪ್ರಿಲ್ 16, ಗುರುವಾರ

ಮಂಗಳವಾರದಿಂದ ನನಗೇ ಜ್ವರ. ಇವಳು ಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ. ಮಾತ್ರೆಗಳು ಅದಲುಬದಲಾಗುತ್ತಿವೆ. ಟೀಚರಮ್ಮ ಮೂರು ಹೊತ್ತೂ ಇಳಿದು ಬರುತ್ತಿದ್ದಾರೆ. ನಿನ್ನೆ ಅವರ ಗಂಜಿ ಕುಡಿದು ಇನ್ನೊಂದು ಲೋಟ ಸಿಗುತ್ತದೆಯೇ ಎಂದು ಕೇಳಿದೆ. ಬಹಳ ರುಚಿಯಾಗಿತ್ತು. ಅವರ ಡಬ್ಬಿಗಳೆಲ್ಲ ಇಲ್ಲೇ ಬಿದ್ದಿವೆ, ಐದೋ ಆರೋ.

ಇವತ್ತು ಎಚ್ಚರವಾದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು. ಟೀಚರಮ್ಮ ಬಂದಿರಲಿಲ್ಲ. ಬಚ್ಚಲಿಗೂ ಮಂಚಕ್ಕೂ ನಡುವೆ ನೀರಿನ ಹನಿಗಳ ಸಾಲು. ಇವಳು ಏನೂ ಆಗದವಳಂತೆ ಪೇಪರು ಓದುತ್ತಿದ್ದಳು. ನಾನೂ ಏನೂ ಕೇಳಲಿಲ್ಲ.

ಏಪ್ರಿಲ್ 18, ಶನಿವಾರ

ಸಿಕ್ಕಿದಳು.

ಜ್ವರ ಬಿಟ್ಟಿತ್ತು. ಊರಿನ ಈ ತುದಿಯಿಂದ ಹುಡುಕುತ್ತ ಹೋಗಿ, ಹತ್ತೂವರೆಗೆ ಬಸ್ ನಿಲ್ದಾಣದ ಹಿಂಬದಿಯಲ್ಲಿ, ಟಿಕೆಟ್ ಕಿಟಕಿಯ ಹತ್ತಿರ ಕಂಡೆ. ಬಿಸಿಲು ನೇರ ಮುಖಕ್ಕೆ ಬೀಳುವ ಜಾಗ. ನೂಕುನುಗ್ಗಲಿನಲ್ಲಿ ಯಾರೋ ಅವಳ ರಟ್ಟನ್ನು ತುಳಿದು ಹೋಗುತ್ತಿದ್ದರು. ನನ್ನನ್ನು ಕಂಡು ಎದ್ದು ಹೋಗಲು ನೋಡಿದಳು. ನಾನೇ ಕೈ ಮುಗಿದು, ಕೂರು ಎಂದೆ, ನಾನೂ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

ಇಲ್ಲಿಗೆ ಯಾಕೆ ಬಂದೆ, ಅಲ್ಲಿ ನೆರಳಾದರೂ ಇತ್ತಲ್ಲ ಎಂದು ಕೇಳಿದೆ. ಹೇಳಲು ಅವಳಿಗೆ ಸಂಕೋಚ. ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದಳು.

"ನೀವು ದಿನಾ ಅದೇ ದಾರೀಲಿ ಕೆಲಸಕ್ಕೆ ಹೋಗಬೇಕಲ್ಲಪ್ಪ. ಆವತ್ತು ಏನೋ ಕೋಪದಲ್ಲಿ ಇಸ್ಕೊಂಡು ಹೋದ್ರಿ. ಒಳ್ಳೇ ಮನುಷ್ಯರು, ಮನೆಗೆ ಹೋದ ಮೇಲೆ ನಿಮಗೇ ಬೇಜಾರಾಗಿರುತ್ತೆ. ನಾನು ಅಲ್ಲೇ ಕೂತಿದ್ರೆ ನನ್ನ ಮುಖ ನೋಡೋಕೆ ನಿಮಗೆ ಕಷ್ಟ. ಪಾಪ, ಮನೇಲಿ ಬೇರೆ ಕಾಯಿಲೆ. ಅದಕ್ಕೇ ಸ್ವಲ್ಪ ದಿನ ಈ ಕಡೆ ಬಂದೆ."

ಬಸ್ಸುಗಳು ಬಂದವು, ಹೋದವು. ನನಗೆ ನಾಚಿಕೆಯಾಗಬಾರದೆಂದು ಈ ಮುದುಕಿ ಹತ್ತು ದಿನ ಬಿಸಿಲಲ್ಲಿ ಕುಳಿತಿದ್ದಾಳೆ.

ಜೇಬಿನಿಂದ ಹಲ್ಲು ತೆಗೆದು ಅವಳ ಕೈಯಲ್ಲಿಟ್ಟೆ. ಅದರ ಜೊತೆ ಜೇಬಿನಲ್ಲಿದ್ದ ನೋಟು, ಚಿಲ್ಲರೆ ಎಲ್ಲ ಬಂತು. ಆರಿಸಿ ವಾಪಸ್ ಇಟ್ಟುಕೊಳ್ಳುವುದು ಸರಿ ಕಾಣಲಿಲ್ಲ. ಅವಳು ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಸಲ ನನ್ನದೇನಾ?" ಎಂದಳು.

"ನಿನ್ನದೇ ಅಜ್ಜಿ. ಹಾಕ್ಕೋ, ಬಿಡು, ಮಾರ್ಕೋ. ನಿನ್ನಿಷ್ಟ."

"ಮಾರಿದ್ರೆ ಯಾರ ಬಾಯಿಗೆ ಹೊಂದುತ್ತೆ?" ಎಂದು ನಕ್ಕಳು.

ರಟ್ಟನ್ನು ನಾನು ಎತ್ತಿಕೊಂಡೆ. ಇಬ್ಬರೂ ಮೆಲ್ಲಗೆ ನಡೆದು ಬೇಕರಿ ಮೂಲೆಗೆ ಬಂದೆವು. ಅವಳು ಬಹಳ ನಿಧಾನ. ಮನೆಗೆ ಬಂದಾಗ ಒಂದೂವರೆ ಗಂಟೆ. ಇವಳು ಬಾಗಿಲಲ್ಲಿ, ವಾಕರ್ ಹಿಡಿದು ನಿಂತಿದ್ದಳು. ಜ್ವರದಿಂದ ಎದ್ದವರು ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ ಎಂದು ಬೈದಳು. ಹೇಳಿದೆ. ಹೇಳುತ್ತ ಹೇಳುತ್ತ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಇವಳು ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು.

ಏಪ್ರಿಲ್ 22, ಬುಧವಾರ

ಬೊಚ್ಚಜ್ಜಿ ಕ್ಲಿನಿಕ್ಕಿಗೆ ಬಂದು, ಕಾಯುತ್ತಿದ್ದ ಗಿರಾಕಿಗಳ ಮುಂದೆಯೇ, ಕೆಳಗಿನ ಸೆಟ್ಟು ಎಡಗಡೆ ಚುಚ್ಚುತ್ತದೆ, ಏನು ಕೆಲಸ ಮಾಡಿದ್ದೀರಿ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಡಾಕ್ಟರು ನೋಡಿ ಒತ್ತುವ ಜಾಗಕ್ಕೆ ಗುರುತು ಹಾಕಿಕೊಟ್ಟರು. ಕೂದಲೆಳೆಯಷ್ಟು ಅರೆದೆ. ಇನ್ನೂ ಸ್ವಲ್ಪ ಎಂದಳು. ಇನ್ನೂ ಸ್ವಲ್ಪ ಅರೆದೆ. ಈಗ ಸರಿ ಎಂದು ಥ್ಯಾಂಕ್ಸ್ ಕೂಡ ಹೇಳದೆ ಹೋದಳು. ಇಡೀ ದಿನ ಖುಷಿಯಾಗಿದ್ದೆ.

ಏಪ್ರಿಲ್ 28, ಮಂಗಳವಾರ

ಎಕ್ಸ್‌ರೇ. ಮೂಳೆಯ ಸುತ್ತ ಬಿಳಿ ಮೋಡದಂತೆ ಕಟ್ಟಿಕೊಳ್ಳುತ್ತಿದೆ. ಕೂಡುತ್ತಿದೆ ಎಂದರು, ಬಿಚ್ಚುವುದು ಬೇಕಿಲ್ಲ. ಹೊರಗೆ ಬಂದು ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೈ ಹಿಡಿದುಕೊಂಡು ಕುಳಿತೆವು. ಪಕ್ಕದಲ್ಲಿ ಕುಳಿತಿದ್ದ ಯಾರೋ ಆಟೋ ಓಡಿಸುವವನು ನಾವು ಅಳುವುದು ನೋಡಿ, ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿದ. ಬಿಸ್ಕತ್ತು ಕೊಟ್ಟ. ತಿಂದೆವು.

ಮೇ 2, ಶನಿವಾರ

ಇವಳ ಅಪ್ಪಣೆಯಂತೆ ಬೊಚ್ಚಜ್ಜಿಯನ್ನು ಊಟಕ್ಕೆ ಕರೆತಂದೆ. ಟೀಚರಮ್ಮನೂ ಇಳಿದು ಬಂದರು, ಅಡುಗೆ ಅವರದೇ. ಅಜ್ಜಿ ಬರಿಗೈಯಲ್ಲಿ ಬರಲಿಲ್ಲ, ಪೊಟ್ಟಣದ ತುಂಬ ಹುರಿದ ಕಡಲೆಕಾಯಿ ಬೀಜ ತಂದಿದ್ದಳು. ತಗೊಳ್ಳಿ ಯಜಮಾನ್ರೇ ಎಂದು ಕೊಟ್ಟಳು, ತೆಗೆದುಕೊಂಡೆ. ಇನ್ನೂ ಬಿಸಿ ಇತ್ತು.

ಇವಳ ಕಾಲಿನ ಗಾಯವನ್ನು ನೋಡಲೇಬೇಕೆಂದು ಅಜ್ಜಿ ಹಟ ಹಿಡಿದಳು. ನೋಡಿ, ಇಸ್ತ್ರಿ ಗೆರೆ ಇದ್ದ ಹಾಗಿದೆ, ಹೊಲಿಗೆ ಚೊಕ್ಕವಾಗಿ ಹಾಕಿದ್ದಾರೆ ಎಂದಳು. ಟೀಚರಮ್ಮ ಅವಳ ಎರಡು ಮಾತಿನ ವ್ಯಾಕರಣ ತಿದ್ದಲು ಹೋಗಿ ಸೋತರು. ಊಟವಾದ ಮೇಲೆ ನಾಲ್ವರೂ ಕಿಟಕಿಯ ಬಳಿ ಕುಳಿತು ಬೀಜ ತಿಂದೆವು. ಯಾರೂ ಮಾತಾಡದೆ ಇದ್ದಾಗ ಕುಟುಂ ಕುಟುಂ ಸದ್ದೊಂದೇ ಕೇಳುತ್ತಿತ್ತು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಅವಳದೇ.

ಮೂರು ಗಂಟೆಗೆ ಅಜ್ಜಿ ಗಡಿಯಾರ ನೋಡಿ ಎದ್ದಳು. ಶನಿವಾರ ಸಂಜೆ ಬೇಕರಿಗೆ ಜನ ಜಾಸ್ತಿ, ಹೊತ್ತಾಗುತ್ತದೆ ಎಂದಳು. ಇವಳು ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಅಜ್ಜಿ ಆಚೆ ತಿರುಗಿ ಬಾಯಿಗೆ ಕೈ ಹಾಕಿ ಹಲ್ಲು ಬಿಚ್ಚಿದಳು. ಕರವಸ್ತ್ರ ಹುಡುಕುತ್ತಿದ್ದಳು.

ತಾಳು ಎಂದೆ. ವಾರದಿಂದ ಬಿಡುವಿನಲ್ಲಿ ಮಾಡಿದ್ದ ಪುಟ್ಟ ಪೆಟ್ಟಿಗೆ ನನ್ನ ಚೀಲದಲ್ಲಿತ್ತು. ಸೆಟ್ಟಿಗೆ ಬಳಸುವ ಗುಲಾಬಿ ಸಾಮಗ್ರಿಯದೇ, ಒಳಗೆ ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಗುಳಿ. ಕರವಸ್ತ್ರದಲ್ಲಿದ್ದರೆ ಯಾರಾದರೂ ತುಳಿದಾಗ ಒಡೆಯುತ್ತದೆ. ಹಲ್ಲನ್ನು ತೊಳೆದು ಗುಳಿಯಲ್ಲಿ ಕೂರಿಸಿ, ಮುಚ್ಚಳ ಹಾಕಿ, ಅಲ್ಲಾಡಿಸಿ ನೋಡಿದೆ. ಸದ್ದಾಗಲಿಲ್ಲ. ಕೈಗೆ ಕೊಟ್ಟೆ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಮೂಲೆಯವರೆಗೆ ಕೊಡೆ ಹಿಡಿದು ಬಿಟ್ಟು ಬಂದೆ.